ಮರಳಿಗೆ ಕಿವಿಗೊಟ್ಟ ಸೈಕಲ್ಲು

ಸೈಕಲ್ಲಿನ ಎಡಗಡೆಯ ಹಿಡಿಕೆ ಮೆಲ್ಲಗೆ ನಡುಗಿತು. ಪ್ರಾಪ್ತಿ ಹರಿಕಂತ್ರ ಹ್ಯಾಂಡಲನ್ನು ತುಸು ಎಡಕ್ಕೆ, ದಡದ ಕಡೆಗೆ ಹೊರಳಿಸಿದಳು. ಬಲಕ್ಕೆ ಬಿಟ್ಟುಬಂದ ಜಾಗ ನೋಡಲು ನುಣ್ಣಗೆ, ಗಟ್ಟಿಯಾಗಿಯೇ ಇತ್ತು. ಅದನ್ನು ನಂಬಿ ಹೋಗಿದ್ದರೆ ಚಕ್ರ ಅರ್ಧ ಹೂತು ಅವಳು ಮುಗ್ಗರಿಸಿ ಬೀಳುತ್ತಿದ್ದಳು. ಕಾರವಾರದಿಂದ ಹೊರಟ ಮೊದಲ ದಿನ, ಯಂತ್ರಕ್ಕಿಂತ ತನ್ನ ಕಣ್ಣೇ ಮೇಲು ಎಂದುಕೊಂಡು ಹಾಗೆ ಬಿದ್ದೂ ಆಗಿತ್ತು. ಬಾಯಿಗೆ ಮರಳು ಹೊಕ್ಕ ಮೇಲೆ ಆ ಹಟ ಬಿಟ್ಟಳು.

ಮುಂದಿನ ಚಕ್ರದ ನಡುವಿಗೆ ಕಟ್ಟಿದ್ದ ಆ ಪೆಟ್ಟಿಗೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಅದನ್ನು ಕಂಡುಹಿಡಿದ ಭಟ್ಕಳದ ಭೌತವಿಜ್ಞಾನಿ ಡಾ. ಸಮೀನಾ ಕೋಲಾ ‘ಹೊಯ್ಗೆಗಿವಿ’ ಎಂದು ಹೆಸರಿಟ್ಟಿದ್ದರು. ಕರಾವಳಿಯಲ್ಲಿ ಮರಳಿಗೆ ಹೊಯ್ಗೆ ಎನ್ನುತ್ತಾರೆ. ನಮ್ಮ ಕಿವಿಗೆ ಕೇಳಿಸದಷ್ಟು ಸಣ್ಣದಾಗಿ ಅದು ಚಕ್ರದ ಮೂಲಕ ಮರಳನ್ನು ತಟ್ಟುತ್ತದೆ, ಮರಳಿ ಬರುವ ಸದ್ದನ್ನು ಆಲಿಸಿ ನೆಲ ಗಟ್ಟಿಯಿರುವ ಕಡೆಯ ಹಿಡಿಕೆಯನ್ನು ನಡುಗಿಸುತ್ತದೆ. ಹದವಾಗಿ ಒದ್ದೆಯಾದ ಮರಳಿನ ಕಣಗಳನ್ನು ನೀರಿನ ತೆಳುಪೊರೆ ಒಂದಕ್ಕೊಂದು ಅಂಟಿಸಿರುತ್ತದೆ; ಅಲ್ಲಿ ಸದ್ದು ಸರ್ರನೆ ಓಡುತ್ತದೆ. ಒಣಗಿದಲ್ಲಿ, ಇಲ್ಲವೇ ನೀರು ಅತಿಯಾದಲ್ಲಿ ಕಣಗಳು ಬಿಡಿಬಿಡಿಯಾಗಿ ಸದ್ದು ಅಲ್ಲೇ ಅಡಗುತ್ತದೆ. ಗುಟ್ಟು ಇಷ್ಟೇ. ಇಷ್ಟಕ್ಕೆ ಸಮೀನಾರ ಅರ್ಧ ಆಯುಷ್ಯ ಹೋಗಿತ್ತು.

ಇದು ಈ ಇಪ್ಪತ್ತೊಂದನೆಯ ಶತಮಾನದ ಅರವತ್ತರ ದಶಕದ ಮಾತು. ಹೆದ್ದಾರಿಗೆ ಸೈಕಲ್ಲು ಬರಕೂಡದೆಂದು ಬೇಲಿ ಬಿದ್ದು ಯಾವುದೋ ಕಾಲವಾಗಿತ್ತು. ಈಗ ಕಡಲ್ಕೊರೆತ ತಡೆಯಲು ಕಾರವಾರದಿಂದ ತಲಪಾಡಿಯವರೆಗೂ ಬಂಡೆಯ ಗೋಡೆ ಕಟ್ಟುವ ಯೋಜನೆ ಹೊರಟಿತ್ತು. ಗೋಡೆ ಬಂದಲ್ಲಿ ಮರಳು ಉಳಿಯುವುದಿಲ್ಲ. ತಕರಾರು ಮಾಡಿದವರಿಗೆ ಗೋಡೆ ಕಟ್ಟಿಸುವ ಮಂಡಳಿಯವರು ಒಂದು ಷರತ್ತು ಹಾಕಿದರು: ನದಿಗಳನ್ನು ದೋಣಿಯಲ್ಲಿ ದಾಟಿ, ಉಳಿದಲ್ಲೆಲ್ಲ ಸೈಕಲ್ಲನ್ನು ಎತ್ತದೆ ತೀರದಲ್ಲೇ ಓಡಿಸಿಕೊಂಡು ಒಬ್ಬರು ತುದಿಯಿಂದ ತುದಿ ಮುಟ್ಟಿದರೆ, ಅದನ್ನು ಸಾರ್ವಜನಿಕ ದಾರಿ ಎಂದು ದಾಖಲಿಸಿ ಗೋಡೆ ಕೈಬಿಡುತ್ತೇವೆ. ಆಗದ ಕೆಲಸ ಎಂಬ ಧೈರ್ಯದಿಂದಲೇ ಆಡಿದ ಮಾತು ಅದು. ಪ್ರಾಪ್ತಿ ಅಂಕೋಲೆ ಬದಿಯ ಹಾರವಾಡದ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಆ ಶಾಲೆಯ ಮಕ್ಕಳು ಸೈಕಲ್ಲು ಕಲಿಯುತ್ತಿದ್ದದ್ದು, ಓಡುತ್ತಿದ್ದದ್ದು, ಬೀಳುತ್ತಿದ್ದದ್ದು ಎಲ್ಲವೂ ಆ ತೀರದಲ್ಲೇ. ಬೇರೆ ಬಯಲು ಅವರಿಗಿರಲಿಲ್ಲ.

ಆ ಷರತ್ತಿಗೆ ಒಪ್ಪಿ ಅವಳೂ ಸಮೀನಾರೂ ಕೂತು ಹಾಕಿದ ಪಯಣದ ಯೋಜನೆಯಲ್ಲಿ ಊರುಗಳಿಗಿಂತ ಚಂದ್ರನಿಗೇ ಹೆಚ್ಚು ಮರ್ಯಾದೆ. ಇಳಿತದಲ್ಲಿ ಸವಾರಿ, ಉಬ್ಬರದಲ್ಲಿ ಊಟ ನಿದ್ದೆ. ಗಂಗಾವಳಿ, ಅಘನಾಶಿನಿ, ಶರಾವತಿ ದಾಟಿದ್ದಾಯಿತು. ಆದರೆ ಕುಂದಾಪುರದಿಂದ ತೆಂಕಕ್ಕೆ ಒಂದು ಪಡುಕರೆಯಲ್ಲಿ, ಎಂದರೆ ಕಡಲಂಚಿನ ಊರಿನಲ್ಲಿ, ಹಳೆಯ ಬಂಡೆಗೋಡೆಯೊಂದು ಆಗಲೇ ಇತ್ತು. ಅದರ ಬುಡದಲ್ಲಿ ಒಂದಿಷ್ಟು ಮರಳು ಮೇಲೇಳುವುದು ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಮಾತ್ರ. ಈ ಅಮಾವಾಸ್ಯೆಯ ದೊಡ್ಡ ಇಳಿತಗಳಲ್ಲಿ ಇವತ್ತಿನದೇ ಕೊನೆಯದು. ಅದು ತಪ್ಪಿದರೆ ಹುಣ್ಣಿಮೆಗೆ ಕಾಯಬೇಕು, ಮಂಡಳಿಯ ತೀರ್ಮಾನ ಅದಕ್ಕೂ ಮುಂಚೆಯೇ ಆಗಿಬಿಡುತ್ತದೆ.

ಗೋಡೆ ಕಣ್ಣಿಗೆ ಬಿದ್ದಾಗಲೇ ಹಗ್ಗವೂ ಕಣ್ಣಿಗೆ ಬಿತ್ತು. ಊರಿಗೆ ಊರೇ ಸೇರಿ ರಂಪಣಿ ಎಳೆಯುತ್ತಿತ್ತು. ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಬಳಸಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುವ ಮೀನುಗಾರಿಕೆ ಅದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಕೈ ಹಾಕದೆ ಅದನ್ನು ದಾಟಿ ಹೋಗುವವರು ಆ ಬದಿಯಲ್ಲಿ ಇಲ್ಲ.

ವ್ಯಾನಿನಲ್ಲಿ ಮೊದಲೇ ಬಂದು ಗೋಡೆಯ ಹತ್ತಿರ ಕಾಯುತ್ತಿದ್ದ ಸಮೀನಾ ಓಡಿಬಂದರು. ಹಗ್ಗ ತಗ್ಗಿಸಿ ಹಿಡಿಯಲು ಕೇಳಿಕೊಂಡು ದಾಟಿಬಿಡು, ನೀರು ಇನ್ನೇನು ಏರುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

“ಮೇಡಂ, ಇದು ದಾರಿ ಅಂತ ತೋರಿಸೂಕೇ ಬಂದದ್ದು ನಾವು,” ಎಂದಳು ಪ್ರಾಪ್ತಿ. “ದಾರಿಯಲ್ಲಿ ಇಷ್ಟು ಜನ ಎಳೀತಿರೂವಾಗ ಸುಮ್ಮನೆ ದಾಟಿ ಹೋದ್ರೆ ಅದು ಎಂಥಾ ದಾರಿ?”

ಸೈಕಲ್ಲನ್ನು ಅಲ್ಲೇ ನಿಲ್ಲಿಸಿ ಅವಳು ಹಗ್ಗ ಹಿಡಿದಳು. ಸಮೀನಾರಿಗೆ ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತು ದುಮುಗುಟ್ಟಿ, ಕೊನೆಗೆ ಚಪ್ಪಲಿ ಬಿಚ್ಚಿ ಅವರೂ ಅವಳ ಹಿಂದೆ ನಿಂತು ಎಳೆದರು.

ಬಲೆ ದಡ ಸೇರುವಷ್ಟರಲ್ಲಿ ನೀರು ಗೋಡೆಯ ಬುಡಕ್ಕೆ ಬಂದಾಗಿತ್ತು. ಪ್ರಾಪ್ತಿಗೆ ಅಳು ಬಂತು. ಮಾಡಿದ್ದು ಸರಿಯೆಂದು ಗೊತ್ತಿದ್ದರೂ ಹಾರವಾಡದ ಮಕ್ಕಳ ಮುಖ ಕಣ್ಣಿಗೆ ಕಟ್ಟಿತು.

ಬಲೆಯ ಯಜಮಾನ, ತಲೆ ನರೆತ ಸಾತ್ವಿಕ್ ಮೊಗವೀರರು ಬುಟ್ಟಿ ತುಂಬ ಬಂಗುಡೆ ತಂದು ಇಬ್ಬರ ಮುಂದೆ ಇಟ್ಟರು. ಸೈಕಲ್ಲಿನಲ್ಲಿ ಮೀನು ಹೊತ್ತು ಎಲ್ಲಿಗೆ ಹೋಗಲಿ ಎಂದ ಪ್ರಾಪ್ತಿ ಎಲ್ಲ ಕತೆಯನ್ನೂ ಹೇಳಿಕೊಂಡಳು. ಅವರು ಗೋಡೆಯನ್ನೇ ನೋಡುತ್ತ ನಿಂತರು.

“ಮೀನ್ ಬ್ಯಾಡ ಅಂದ್ರೆ ಪಾಲೇ ಇಲ್ಲ ಅಂತ ಆತಿಲ್ಲ ಮಾರಾಯ್ತಿ,” ಎಂದರು. “ನಿಮ್ಗೆ ದಾರಿ ಬೇಕಲ್ದಾ? ನಾವ್ ಅದನ್ನೇ ಕೊಡ್ತೊ.”

ಅವರು ಕೂಗಿದ್ದೇ ತಡ, ಊರವರು ಗೋಡೆಯ ಉದ್ದಕ್ಕೂ ಕಡಲಿಗಿಳಿದರು. ಒಂದು ಸಾಲು ಹಗ್ಗ ಹಿಡಿದು ಅಲೆಗೆ ಎದೆಯೊಡ್ಡಿ ನಿಂತಿತು. ಇನ್ನೊಂದು ಸಾಲು ಪಾದ ಮುಳುಗುವ ನೀರಿನಲ್ಲಿ ಮರಳನ್ನು ಧಪಧಪ ತುಳಿಯುತ್ತ ನಡೆಯಿತು. ಸಮೀನಾ ತಲೆಯಾಡಿಸಿದರು. ನೀರು ಕಂಡಲ್ಲಿ ನಿಲ್ಲು ಎಂದು ಯಂತ್ರಕ್ಕೆ ಕಲಿಸಿದವರೇ ಅವರು. ಆದರೆ ಆ ತುಳಿತ ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಸೇರಿಗೆ ಅಕ್ಕಿ ತುಂಬಿ ಕುಲುಕಿದರೆ ಕಾಳು ಕಾಳಿನ ಸಂದಿಗೆ ಇಳಿದು ಒತ್ತಾಗುತ್ತದೆ. ನೀರಿನಡಿಯ ಮರಳೂ ಹಾಗೇ ಆಗಬಾರದೇಕೆ? ಅವರು ಫೋನು ತೆಗೆದು ಆ ಒಂದು ಆಜ್ಞೆಯನ್ನು ಅಳಿಸಿದರು, ಚಕ್ರವನ್ನು ನೀರಿಗೆ ತಾಗಿಸಿ ಯಂತ್ರ ಏನು ಹೇಳುತ್ತದೆಂದು ನೋಡಿದರು. ಮರಳು ನೀರಿನಡಿಯಿಂದಲೇ ಮಾತಾಡುತ್ತಿತ್ತು.

“ಹೋಗು,” ಎಂದರು.

ಪ್ರಾಪ್ತಿ ಹೋದಳು. ಎಡ ಹಿಡಿಕೆ ನಡುಗಿದಾಗ ಎಡಕ್ಕೆ, ಬಲ ನಡುಗಿದಾಗ ಬಲಕ್ಕೆ. ಪೆಡಲು ಪ್ರತಿ ಸುತ್ತಿಗೂ ನೀರನ್ನು ಚಿಮ್ಮಿಸುತ್ತಿತ್ತು. ನಡುವೆ ಒಂದು ಅಲೆ ಜನರ ಸಾಲನ್ನೂ ಮೀರಿ ಬಂದು ಅವಳನ್ನು ಗೋಡೆಯ ಕಡೆಗೆ ತಳ್ಳಿತು, ಯಾರೋ ಬೆನ್ನಿಗೆ ಕೈಯೊಡ್ಡಿ ನಿಲ್ಲಿಸಿದರು. ಕೊನೆಯ ಬಂಡೆ ದಾಟಿ ಚಕ್ರ ಬಯಲು ಮರಳಿಗೆ ಏರಿದಾಗ ಪಡುಕರೆಗೆ ಪಡುಕರೆಯೇ ಹೋ ಎಂದು ಕೂಗಿತು. ಸಮೀನಾ ಸೊಂಟಮಟ್ಟ ನೀರಿನಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ಕೈ ತಟ್ಟುತ್ತಿದ್ದರು. ಸೈಕಲ್ಲನ್ನು ಒಮ್ಮೆಯೂ ಎತ್ತಿರಲಿಲ್ಲ.

ತಲಪಾಡಿ ಮುಟ್ಟಿದ್ದಾಯಿತು, ದಾರಿ ದಾಖಲಾಯಿತು, ಹೊಸ ಗೋಡೆ ಬರಲಿಲ್ಲ. ಅಂದಿನಿಂದ ಹಾರವಾಡದ ಮಕ್ಕಳು ದೊಡ್ಡ ರಜೆಯಲ್ಲಿ ಹೊಯ್ಗೆಗಿವಿ ಕಟ್ಟಿಕೊಂಡು ತಲಪಾಡಿಗೆ ಹೊರಡುತ್ತಾರೆ, ಪ್ರಾಪ್ತಿ ಎಲ್ಲರಿಗಿಂತ ಹಿಂದೆ ಸಿಳ್ಳೆ ಊದುತ್ತ ಬರುತ್ತಾಳೆ. ಆ ಒಂದು ಹಳೆಯ ಗೋಡೆ ಮಾತ್ರ ಹಾಗೇ ಇದೆ. ಅಲ್ಲಿ ಇಳಿತಕ್ಕೆ ಕಾಯುತ್ತ ಕೂತ ಮಕ್ಕಳು, ಇಲ್ಲಿ ಬಂಡೆ ಸುರಿಯಲು ಬಿಟ್ಟವರು ಯಾರು ಎಂದು ಸಾತ್ವಿಕ್ ಮೊಗವೀರರನ್ನು ಕೇಳುವುದುಂಟು.

“ನಾನ್ ಸಣ್ಣವ ಇಪ್ಪ ಹೊತ್ತಿಗೆ ಲಾರಿಯಲ್ಲಿ ತಂದ್ ಹಾಕಿದ್ರ್,” ಎನ್ನುತ್ತಾರೆ ಅವರು. “ಇಲ್ಲಿ ಯಾರಾದ್ರೂ ನಡೀತ್ರಾ ಅಂತ ಮೊದ್ಲು ಕೇಳಿದ್ರಂಬ್ರು. ನಾವ್ ದಿನಾ ನಡೂದೇ. ಹೇಳೂಕೆ ಮಾತ್ರ ಯಾರೂ ಹೋಯ್ಲಿಲ್ಲ.”

ಸಾತ್ವಿಕ್ ಮೊಗವೀರರು ಸಣ್ಣವರಿದ್ದ ಆ ಕಾಲ ಎಂದರೆ ಇದೇ, ನಾವು ನೀವು ಇರುವ ಈ ಕಾಲ.