ಕುದುರೆಯ ಪಿತ್ತಕೋಶ

ಕುದುರೆಯ ಲಿವರ್ ಮೇಲೆ ಬಗ್ಗಿ ನಿಂತ ಹುಡುಗಿಯೂ ಇಷ್ಟು ಚೆಂದ ಕಾಣಬಹುದೆಂದು ಕಿಟ್ಟುವಿಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಕಣ್ಣಿಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸುತ್ತ, ಮೌನ ಎಂಬ ಆ ಹುಡುಗಿ ಬೆಳಗಿನಿಂದ ಲ್ಯಾಬಿನಲ್ಲಿ ಏನನ್ನೋ ಹುಡುಕುತ್ತಿದ್ದಳು.

ಹುಡುಕಲು ಹಚ್ಚಿದವನು ಅವನೇ.

ಚೆನ್ನೈನ ಆ ಕಾಲೇಜಿನಲ್ಲಿ ಝುವಾಲಜಿ ಎಂಎಸ್ಸಿಗೆ ಹೊಸದಾಗಿ ಸೇರಿದವರಿಂದ ಕುದುರೆಯ ಪಿತ್ತಕೋಶ ಹುಡುಕಿಸುವುದು ಹಳಬರ ಪದ್ಧತಿ. ಕುದುರೆಗೆ ಪಿತ್ತಕೋಶವೇ ಇಲ್ಲ! ಚೆನ್ನೈಯಲ್ಲೇ ಬೆಳೆದ ಕನ್ನಡಿಗ, ಮಿಮಿಕ್ರಿ ವೀರ ಕಿಟ್ಟು, ತಿರುಮಲೇಶ ಸರ್ ದನಿಯಲ್ಲಿ ಮೈಸೂರಿನ ಈ ಹುಡುಗಿಗೆ ಫೋನ್ ಮಾಡಿ ಆಜ್ಞೆ ಹೊರಡಿಸಿದ್ದ.

ಈಗ ನೋಡಿದರೆ, ಕುರಿ, ಕೋಳಿ, ಹಂದಿ, ಮೀನುಗಳ ಲಿವರ್ ಹೋಲಿಸುವ ವರ್ಷದ ಪ್ರಾಜೆಕ್ಟಿಗೆ ಸರ್ ಇವತ್ತೇ ಹೊಸಬರನ್ನು ಕೇಳಿ ಹಳಬರೊಬ್ಬರ ಜೊತೆ ಜೋಡಿ ಹಾಕುವವರಿದ್ದರು. ಮೌನಳ ಪಕ್ಕದ ಸ್ಟೂಲಿಗಾಗಿ ಕಿಟ್ಟು ಮನೆದೇವರಿಗೆ ಹರಕೆ ಹೊತ್ತಿದ್ದ. ಕಿತಾಪತಿ ಬಯಲಾದರೆ ಸ್ಟೂಲು ಅವನದೇ ಕ್ಲಾಸಿನ ವರುಣನ ಪಾಲು.

"ಸಿಕ್ತು ಕಿಟ್ಟು ಅವ್ರೇ!"

ಕಿಟ್ಟು ಬಗ್ಗಿದ. ಲಿವರಿನಿಂದ ಹಸಿರು ಚೀಲವೊಂದು ಜೋತಾಡುತ್ತಿತ್ತು!

"ಚಾನ್ಸೇ ಇಲ್ಲ! ಕುದುರೆಗೆ ಅದು ಇರೋದೇ ಇಲ್ರೀ!"

"ಮತ್ತೆ ಸರ್ ತಗೊಂಬಾ ಅಂದ್ರಲ್ಲ?"

"ಅಯ್ಯೋ, ಸರ್ ಅಲ್ಲ... ಫೋನ್ ಮಾಡಿದ್ದು ನಾನು."

"ಗೊತ್ತು. ಸರ್ ಮಾತಾಡ್ತಿದ್ದಾಗ ಹಿಂದಿನಿಂದ ಯಾರೋ ಅಜ್ಜಿ, 'ಲೋ ಕಿಟ್ಟೂ, ಕಾಪಿ ಆರಿಹೋಗತ್ತೋ' ಅಂತಿದ್ರು."

ಅಜ್ಜಿ ಗೋದಾಬಾಯಿಗೆ ಕಿಟ್ಟು ಮನಸ್ಸಿನಲ್ಲೇ ಅಡ್ಡಬಿದ್ದ. "ಈ ಚೀಲ?"

"ಕುರೀದು. ಎರಡು ಹೊಲಿಗೆ ಹಾಕ್ದೆ." ಅವಳ ಓರೆನೋಟ ಮಾಸ್ಕಿನ ಮೇಲಿಂದ ಮೆಲ್ಲಗೆ ಇಣುಕಿತು. "ಇಷ್ಟು ಜನ ಹೊಸಬರಿರೋವಾಗ ನಾನೇ ಯಾಕೆ?"

ಕಿಟ್ಟು ಗಂಟಲು ಸರಿಮಾಡಿಕೊಂಡು ಪ್ರೊಫೆಸರರ ಗತ್ತಿನಲ್ಲಿ, "ನೋಡಮ್ಮಾ..." ಎಂದ.

ಮೌನ ಫೋರ್ಸೆಪ್ಸ್ ಎತ್ತಿ ತೋರಿಸಿದಳು. "ಸ್ವಂತ ದನೀಲಿ."

ಕಿಟ್ಟು ಗತ್ತು ಬಿಟ್ಟ. "ಸತ್ಯಮಾ ಹೇಳ್ತೀನಿ. ನಿಮ್ಮನ್ನ ಮಾತಾಡ್ಸಕ್ಕೆ ಧೈರ್ಯ ಸಾಲ್ದೆ ಸರ್ ಗಂಟಲು ಕಡ ತಗೊಂಡೆ. ಪ್ರಾಜೆಕ್ಟಿಗೆ ನೀವು ಯಾರನ್ನ ಬೇಕಾದ್ರೂ ಸೇರ್ಸ್ಕೊಳ್ಳಿ. ಆದ್ರೆ... ನೀವಂದ್ರೆ ನಂಗೆ ರೊಂಬ ಇಷ್ಟ."

ಗ್ಲೌಸು ಕಳಚಿ, ಕೆಂಪೇರಿದ ಕಿವಿಯ ಹಿಂದೆ ಕೂದಲು ಸಿಕ್ಕಿಸಿ, ಮೌನ ಮೈಕ್ರೋಸ್ಕೋಪಿಗೆ ಸ್ಲೈಡೊಂದನ್ನು ಇಟ್ಟಳು.

"ಹಂದಿ ಲಿವರ್. ಜೇನುಗೂಡಿನ ಥರ ಕೋಣೆಗಳು, ಒಂದೊಂದಕ್ಕೂ ಗೋಡೆ." ಸ್ಲೈಡು ಬದಲಿಸಿದಳು. "ಇದು ಕುರೀದು. ಗೋಡೆ ಕಾಣತ್ತಾ?"

ನೋಡಲು ಅವನು ಬಗ್ಗಿದ. ಭುಜಕ್ಕೆ ಭುಜ ತಾಗಿತು. ಅವಳು ಸರಿಯಲಿಲ್ಲ.

"ಕಾಣ್ತಿಲ್ಲ," ಎಂದ, ಲೆನ್ಸಿನಿಂದ ಕಣ್ಣೆತ್ತದೆ.

ಅಷ್ಟರಲ್ಲಿ ಅಸಲಿ ತಿರುಮಲೇಶರು ಬಾಗಿಲಲ್ಲಿ ನಿಂತಿದ್ದರು. "ಏನಮ್ಮಾ, ನಿನಗೆ ಪಾರ್ಟ್ನರ್ ಯಾರು?"

"ಕಿಟ್ಟು, ಸರ್."

"ಗುಡ್. ಯಾವ ಪ್ರಾಣಿಯಿಂದ ಶುರು ಮಾಡ್ತೀಯಾ?"

ಮೌನ ಪಕ್ಕಕ್ಕೆ ತಿರುಗಿ ಕಿಟ್ಟುವನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು.

"ಇವರಿಂದಲೇ, ಸರ್."