ಎಲೆಗೆ ಬಂದ ಎರಡು ಕಾಯಿಲೆ

2025ರ ಜನವರಿ 21, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಗಣಪತಿ ಶೇರಿಗಾರ ಎಂಬವರು ವಡೋದರಾದ ಮಕರಪುರ ಭಾಗದ ಠಾಣೆಗೆ ಓಡಿಬಂದರು. ತಮ್ಮ ಸೋದರಳಿಯ ನಿತಿನನನ್ನು ಕೈಗಾರಿಕಾ ವಸಾಹತಿನ ಶೆಡ್ಡಿನಲ್ಲಿ ಹೊಡೆದು ಕೊಂದಿದ್ದಾರೆಂದು ದೂರು ಕೊಟ್ಟರು. ಅರವತ್ತು ದಾಟಿದ ಮನುಷ್ಯ. ಕುಂದಾಪುರದ ಕಡೆಯಿಂದ ಬಂದು ಗೋರ್ವಾದಲ್ಲಿ ಮೂವತ್ತು ವರ್ಷದಿಂದ ಉಡುಪಿ ಹೋಟೆಲು ನಡೆಸುತ್ತಿದ್ದವರು. ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದರು. ಬಿಸಿ ಎಣ್ಣೆ ಸಿಡಿಯಿತು ಎಂದರು.

ಹಿಂದಿಯಲ್ಲಿ ಶುರುವಾದ ಮಾತು ಮೇಜಿನ ಮೇಲಿದ್ದ ಹೆಸರು ಓದಿದ ಕೂಡಲೇ ಕನ್ನಡಕ್ಕೆ ಹೊರಳಿತು. ಇನ್ಸ್‌ಪೆಕ್ಟರ್ ವಿಭಾ ಉಡುಪ ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ. ತಂದೆ ಅಲ್ಲಿಯ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದರು. ಊರಿನ ಮಾತು ಕಿವಿಗೆ ಬಿದ್ದರೆ ಅವಳ ಪೆನ್ನು ತಾನಾಗಿ ನಿಧಾನವಾಗುತ್ತಿತ್ತು.

ರಾತ್ರಿ ಅಳಿಯ ಮನೆಗೆ ಬರಲಿಲ್ಲವೆಂದು ಅವನ ಹೆಂಡತಿ ರಶ್ಮಿ ಫೋನು ಮಾಡಿದ್ದಳು, ತಾನು ಸ್ಕೂಟರಿನಲ್ಲಿ ಹುಡುಕಿಕೊಂಡು ಹೋದೆ, ಶೆಡ್ಡಿನ ಶಟರು ಅರ್ಧ ಎತ್ತಿತ್ತು, ಬಗ್ಗಿ ನೋಡಿದರೆ ರಕ್ತ, ಪಕ್ಕದಲ್ಲಿ ರಶ್ಮಿಯ ತಮ್ಮ ಆಕಾಶ ಕೂತಿದ್ದ ಎಂದು ಗಣಪತಿ ಹೇಳಿದರು. ಒಳಗೆ ಹೋದಿರಾ ಎಂದು ವಿಭಾ ಕೇಳಿದಳು.

"ಇಲ್ಲ ಮೇಡಂ. ಶೆಡ್ ನನ್ನ ಹೆಸರಲ್ಲಿದೆ, ಹೌದು. ಅವನಿಗೆ ಕೊಟ್ಟ ಮೇಲೆ ನಾನು ಅದರ ಹೊಸ್ತಿಲು ತುಳಿದವನೇ ಅಲ್ಲ."

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಜಶವಂತ ಪರಮಾರನೊಂದಿಗೆ ವಿಭಾ ಸ್ಥಳಕ್ಕೆ ಹೋದಾಗ ಸುತ್ತಲಿನ ಕಾರ್ಖಾನೆಗಳ ಜನ ಆಕಾಶನನ್ನು ವಿದ್ಯುತ್ ಕಂಬಕ್ಕೆ ಒತ್ತಿ ಹಿಡಿದು ಬೆಲ್ಟಿನಿಂದ ಹೊಡೆಯುತ್ತಿದ್ದರು. ಹುಬ್ಬು ಸೀಳಿ ಒಂದು ಕಣ್ಣು ಮುಚ್ಚಿಹೋಗಿತ್ತು. ಪರಮಾರ ಲಾಠಿ ಬೀಸಿಯೇ ಅವನನ್ನು ಬಿಡಿಸಬೇಕಾಯಿತು. ಆ ಹುಡುಗನ ಅಂಗಿಯ ಎದೆಯಿಂದ ಪ್ಯಾಂಟಿನ ಮೊಣಕಾಲಿನವರೆಗೆ ಹೆಪ್ಪುಗಟ್ಟಿದ ರಕ್ತ ಮೆತ್ತಿಕೊಂಡಿತ್ತು. ಅದು ಅವನ ರಕ್ತವಲ್ಲ.

ಶೆಡ್ಡಿನೊಳಗೆ ನಿತಿನ್ ಅಂಗಾತ ಬಿದ್ದಿದ್ದ. ಇಪ್ಪತ್ತೆಂಟರ ಗಂಡಸು. ನೆತ್ತಿಯ ಮೇಲಿನ ಒಂದೇ ಏಟು ಸಾಯಲು ಸಾಕಿತ್ತು. ಕೊಂದವನು ಅಲ್ಲಿಗೆ ನಿಲ್ಲಿಸಿರಲಿಲ್ಲ. ದವಡೆ ಒಡೆದು, ಹಲ್ಲುಗಳು ನೆಲಕ್ಕೆ ಚೆಲ್ಲಿ, ಮೂಗಿನಿಂದ ಕೆಳಗೆ ಮುಖವೆಂಬುದು ಉಳಿದಿರಲಿಲ್ಲ. ಹೊಡೆದ ವಸ್ತು ಸಿಗಲಿಲ್ಲ.

ಹಿಂದಿನ ಗೋಡೆ ಪ್ಲೈವುಡ್ಡಿನದು. ಪರಮಾರ ಒದ್ದಾಗ ಅದು ಬಾಗಿಲಿನಂತೆ ತೆರೆದುಕೊಂಡಿತು. ಒಳಗೆ ಕಣ್ಣು ಕುಕ್ಕುವ ನೇರಳೆ ಬೆಳಕು, ಫ್ಯಾನುಗಳ ಗುಂಯ್ ಸದ್ದು, ಮೂಗಿಗೆ ಅಡರುವ ವಾಸನೆ. ಸಾಲಾಗಿ ಕಪ್ಪು ಚೀಲಗಳಲ್ಲಿ ಗಾಂಜಾ ಗಿಡಗಳು. ಕೆಲವು ತುಳಿತಕ್ಕೆ ಸಿಕ್ಕಿ ಮುರಿದಿದ್ದವು, ಉಳಿದವುಗಳ ಎಲೆಗಳು ಹಳದಿಯಾಗಿ, ಅಂಚು ಸುಟ್ಟು ನಿಂತಿದ್ದವು. ದೀಪಗಳನ್ನು ಹೊತ್ತ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಪೈಪು ಕಾಣೆಯಾಗಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ.

ಸಂಜೆ ಆಕಾಶ ಬಾಯಿಬಿಟ್ಟ. ಗಾಂಜಾ ತಮ್ಮಿಬ್ಬರದೇ. ಬೆಳೆಸುವವನು ನಿತಿನ್, ತಾನು ಸೂರತ್ತಿನಲ್ಲಿ ಹಂಚುವವನು. ಎರಡು ವಾರದಿಂದ ಗಿಡ ಸಾಯುತ್ತಿದ್ದವು. ಯಾರೋ ಏನೋ ಹಾಕುತ್ತಿದ್ದಾರೆಂದು ನಿತಿನನಿಗೆ ಅನುಮಾನ, ಅನುಮಾನ ತನ್ನ ಮೇಲೇ. ಸೋಮವಾರ ಸಂಜೆ ಇಬ್ಬರೂ ಫೋನಿನಲ್ಲಿ ಬೈದಾಡಿಕೊಂಡಿದ್ದರು, ಶೆಡ್ಡಿನಲ್ಲೇ ಕಾದು ಕೂತು ಹಿಡಿಯುತ್ತೇನೆಂದು ನಿತಿನ್ ಕೂಗಿದ್ದ. ಅದನ್ನು ಮಾತಾಡಿ ಮುಗಿಸೋಣವೆಂದು ಬೆಳಗಿನ ರೈಲಿಗೆ ಬಂದಿದ್ದ.

"ನಾನ್ ಬಂದಾಗ ಅವ್ನು ಖತಂ ಆಗಿದ್ದ ಮೇಡಂ. ತಲೆ ಮಡಿಲಲ್ಲಿ ಇಟ್ಕೊಂಡೆ. ಬಸ್, ಅಷ್ಟೇ."

ವಡೋದರಾದಲ್ಲೇ ಹುಟ್ಟಿದ ಹುಡುಗನ ಕನ್ನಡ ಅಷ್ಟಕ್ಕೇ ಮುಗಿಯಿತು. ಮುಂದಿನದೆಲ್ಲ ಹಿಂದಿಯಲ್ಲಿ, ಅಳುತ್ತ.

ಮೇಲಧಿಕಾರಿಗೆ ಅಷ್ಟು ಸಾಕಾಗಿತ್ತು. ಅಂಗಿಯ ಮೇಲೆ ರಕ್ತವಿದೆ, ಜಗಳದ ಕರೆಯಿದೆ, ಗಾಂಜಾ ಇದೆ, ಇನ್ನೇನು ಬೇಕು ಎಂದರು. ಶುಕ್ರವಾರ ರಿಮಾಂಡ್ ಮುಗಿಯುತ್ತದೆ, ಅಷ್ಟರೊಳಗೆ ಕೊಲೆಯ ಕಲಮಿನಲ್ಲೇ ಅವನನ್ನು ನ್ಯಾಯಾಲಯಕ್ಕೆ ಕಳಿಸಿ ಎಂದು ಹೇಳಿ ಹೋದರು. ಜನ ಹೊಡೆದದ್ದು ಸಾಲದೆಂಬಂತೆ ಲಾಕಪ್ಪಿನೊಳಗೆ ಇನ್ನೊಬ್ಬ ಕೈದಿ ಆಕಾಶನ ಪಕ್ಕೆಗೆ ಒದ್ದು ಎಲುಬು ಮುರಿದ. ಅಂದಿನಿಂದ ವಿಭಾ ಅವನನ್ನು ಬೇರೆ ಕೋಣೆಯಲ್ಲಿರಿಸಿ ಕಾವಲು ಹಾಕಿದಳು.

ರಶ್ಮಿ ಠಾಣೆಯ ಬೆಂಚು ಬಿಟ್ಟು ಏಳಲಿಲ್ಲ. ಧಾರವಾಡದ ಕಡೆಯ ಮನೆತನ. ತವರೆಂದರೆ ಈಗ ಆ ತಮ್ಮನೊಬ್ಬನೇ.

"ಗಂಡನ್ನಂತೂ ಕಳಕೊಂಡೇನ್ರಿ. ತಮ್ಮ ಮಾಡಿದ ಹಲ್ಕಾ ಕೆಲಸಕ್ಕ ಅವನ್ನ ಒಳಗ ಹಾಕ್ರಿ, ನಾ ಒಂದ್ ಮಾತೂ ಆಡಂಗಿಲ್ಲ. ಆದ್ರ ಕೊಲಿ ಅವ ಮಾಡಿಲ್ರಿ ಮೇಡಂ."

ನಿನಗೆ ಹೇಗೆ ಗೊತ್ತು ಎಂದು ವಿಭಾ ಕೇಳಲಿಲ್ಲ. ರಶ್ಮಿಯೂ ಸಾಬೀತು ಮಾಡುವ ಗೋಜಿಗೆ ಹೋಗಲಿಲ್ಲ. ಆದರೆ ಒಂದು ಪ್ರಶ್ನೆ ವಿಭಾಳ ತಲೆಯಲ್ಲಿ ಗಂಟಿಕ್ಕಿಕೊಂಡಿತ್ತು. ಗಿಡ ಸತ್ತರೆ ಆಕಾಶನಿಗೂ ನಷ್ಟ. ಹಾಗಾದರೆ ಹಾಳು ಮಾಡಿದವರು ಯಾರು? ನಿತಿನ್ ಕಾದು ಕೂತದ್ದು ಯಾರಿಗಾಗಿ?

ಬುಧವಾರ ವಿಭಾ ಕರೆಸಿದ್ದ ಡಾ. ಇಲಾ ಪುರೋಹಿತ್ ಆನಂದ್ ಪಟ್ಟಣದ ಕೃಷಿ ವಿಶ್ವವಿದ್ಯಾಲಯದಿಂದ ಶೆಡ್ಡಿಗೆ ಬಂದರು. ಬೆಳೆಗಳ ಪೋಷಣೆಯೇ ಅವರ ವಿಷಯ. ಬಾಳೆ, ತಂಬಾಕು, ಆಲೂಗಡ್ಡೆಗಳ ಎಲೆ ನೋಡಿ ಕಣ್ಣು ಪಳಗಿಸಿಕೊಂಡವರು. ಗಾಂಜಾ ನೋಡಿದ್ದು ಇದೇ ಮೊದಲು, ಆದರೂ ಹಸಿವು ಎಲ್ಲ ಗಿಡಕ್ಕೂ ಒಂದೇ ಎಂದು ಕನ್ನಡಕ ಏರಿಸಿದರು. ಪರಮಾರ ಹಿಂದೆ ನಿಂತು, ಹೆಣದ ಪೋಸ್ಟ್‌ಮಾರ್ಟಂ ಕೇಳಿದ್ದೆ, ಸೊಪ್ಪಿನದ್ದು ಇವತ್ತೇ ನೋಡಿದ್ದು ಎಂದು ಗುಜರಾತಿಯಲ್ಲಿ ಗೊಣಗಿದ. ಬಾಯಿ ಮುಚ್ಚಿ ಟಾರ್ಚು ಹಿಡಿ ಭಾಯಿ ಎಂದು ಇಲಾಬೆನ್ ತಿರುಗಿಯೂ ನೋಡದೆ ಹೇಳಿದರು.

ಒಂದು ಗಿಡದ ಬುಡದಿಂದ ತುದಿಗೆ ಬೆರಳು ಓಡಿಸುತ್ತ ಅವರು ವಿವರಿಸಿದರು. ಗಿಡ ಕೆಳಗಿನಿಂದ ಮೇಲೆ ಬೆಳೆಯುವುದರಿಂದ ಕೆಳಗಿನ ಎಲೆ ಹಳೆಯದು, ಮೇಲಿನದು ಇತ್ತೀಚಿನದು. ನಡುವಿನ ಈ ಎಲೆಗಳು ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಇಲ್ಲಿನ ಬೋರ್‌ವೆಲ್ಲಿನ ಕ್ಷಾರದ ನೀರು ಅದನ್ನು ಬೇರಿಗೆ ದಕ್ಕಲು ಬಿಡುವುದಿಲ್ಲ. ಅದರ ಮೇಲೆ ಬಂದ ಎಲೆಗಳು ಮತ್ತೆ ಹಸಿರು. ಅಂದರೆ ಯಾರೋ ಕಾಯಿಲೆ ಗುರುತಿಸಿ, ನೀರು ಸರಿಪಡಿಸಿ, ವಾಸಿ ಮಾಡಿದ್ದಾರೆ.

"ಇದು ನಿಮ್ಮ ಸತ್ತವನ ಕೈ," ಎಂದರು ಇಲಾಬೆನ್. "ಬುದ್ಧಿವಂತ. ಆಮೇಲೆ ಬಂತು ನೋಡಿ ಎರಡನೇ ಕಾಯಿಲೆ. ಹೊಸದು ಹಳೆಯದು ಅನ್ನದೆ ಎಲ್ಲ ಎಲೆಯ ಅಂಚೂ ಸುಟ್ಟಿದೆ. ಇದು ಹಸಿವಲ್ಲ. ಉಪ್ಪು."

ವಾಸಿ ಮಾಡಿದ ಕೈಯೇ ಸುಟ್ಟಿರಲಾರದು. ವಿಭಾ ಮೊಣಕಾಲೂರಿ ಒಂದು ಚೀಲದ ಮಣ್ಣನ್ನು ಪೆನ್ನಿನ ತುದಿಯಿಂದ ಕೆದಕಿದಳು. ಕಾಂಡದ ಹತ್ತಿರ ಏನೂ ಇರಲಿಲ್ಲ. ಗೇಣು ದೂರದಲ್ಲಿ, ಚೀಲದ ಅಂಚಿಗೆ, ಮುಚ್ಚಿದ ಮಣ್ಣಿನ ಕೆಳಗೆ ಬಳೆಯಂತೆ ಸುತ್ತ ಹಾಸಿದ ಕಲ್ಲುಪ್ಪು. ಮುಂದಿನ ಚೀಲದಲ್ಲೂ ಅದೇ ಬಳೆ. ಅದರ ಮುಂದಿನದರಲ್ಲೂ.

ಇಲಾಬೆನ್‌ಗೆ ಇದು ಅರ್ಥವಾಗಲಿಲ್ಲ. ಕೊಲ್ಲಬೇಕೆಂದಿದ್ದವನು ಉಪ್ಪುನೀರು ಸುರಿದಿದ್ದರೆ ಎರಡು ಮೂರು ದಿನದಲ್ಲಿ ಮುಗಿಯುತ್ತಿತ್ತು, ಇಷ್ಟು ನಾಜೂಕಾಗಿ ಹಾಕುವುದು ಗೊಬ್ಬರವನ್ನು ಎಂದರು.

ವಿಭಾಗೆ ಅರ್ಥವಾಯಿತು. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗ ಅವಳು ಕಣ್ಣಾರೆ ಕಂಡಿದ್ದಳು. ಕರಾವಳಿಯವರು ತೆಂಗಿನ ಸಸಿಗೆ ಉಪ್ಪು ಉಣಿಸುತ್ತಾರೆ. ಬುಡಕ್ಕೆ ತಾಗಿದರೆ ಸುಡುತ್ತದೆಂದು ದೂರದಲ್ಲಿ ಸುತ್ತ ಪಾತಿ ತೆಗೆದು, ಉಪ್ಪು ಹಾಕಿ, ಮಣ್ಣು ಮುಚ್ಚುತ್ತಾರೆ. ಧಾರವಾಡದ ಮನೆತನದವನಾಗಿ ವಡೋದರಾದಲ್ಲೇ ಹುಟ್ಟಿ ಬೆಳೆದ ಆಕಾಶನಿಗೆ ಈ ಕೈ ಬರುವುದು ಸಾಧ್ಯವಿರಲಿಲ್ಲ.

ಎದುರಿನ ಮೋಟಾರು ರಿಪೇರಿ ಅಂಗಡಿಯ ಕ್ಯಾಮೆರಾದಲ್ಲಿ ತಿಂಗಳ ದೃಶ್ಯ ಉಳಿದಿತ್ತು. ಗುರುವಾರ ಬೆಳಿಗ್ಗೆ ಪರಮಾರ ಕಣ್ಣು ಕೆಂಪಾಗುವವರೆಗೆ ನೋಡಿದ. ಜನವರಿಯ ಮೊದಲ ವಾರದ ಒಂದು ಮಧ್ಯಾಹ್ನ, ನಿತಿನ್ ಹೊರಗೆ ಹೋದ ಬೆನ್ನಿಗೆ, ಕಾಲ ಬಳಿ ಮೂಟೆಯಿಟ್ಟುಕೊಂಡ ಸ್ಕೂಟರು ಬಂದು ನಿಂತಿತು. ಇಳಿದ ಮನುಷ್ಯ ಜೇಬಿನಿಂದ ಕೀಲಿ ತೆಗೆದು ಶಟರು ಎತ್ತಿದ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಸೋಮವಾರ ಸಂಜೆ ಮತ್ತೊಮ್ಮೆ ಬಂದವನು, ಒಳಗೆ ಹೋಗಿ ಹೊರಬಂದು, ಮೂಟೆಯೊಂದಿಗೆ ಶೆಡ್ಡುಗಳ ಹಿಂದಿನ ಚರಂಡಿಯ ಕಡೆ ನಡೆದು ಬರಿಗೈಯಲ್ಲಿ ವಾಪಸಾದ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ.

ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ವಿಭಾ, ಪರಮಾರ ಗೋರ್ವಾದ ಹೋಟೆಲಿನ ಹಿಂಬಾಗಿಲಿಗೆ ಹೋದರು. ಪಾತ್ರೆ ತೊಳೆಯುವ ಜಾಗದ ಪಕ್ಕ, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಒಂದು ತೆಂಗಿನ ಸಸಿ. ವಿಭಾ ಬೆರಳಿನಿಂದ ಮಣ್ಣು ಸರಿಸಿದಳು. ಬಿಳಿಯ ಬಳೆ ಅಲ್ಲೂ ಇತ್ತು.

ಗಣಪತಿ ಅಡುಗೆಮನೆಯಲ್ಲಿ ಕತ್ತಿಯಿಂದ ಕಾಯಿ ಒಡೆಯುತ್ತಿದ್ದರು. ಕೂತುಕೊಳ್ಳಿ, ಕಾಫಿ ತರಿಸುತ್ತೇನೆ ಎಂದರು. ಸಸಿಗೆ ಉಪ್ಪು ಹಾಕಿದ್ದು ಯಾರೆಂದು ವಿಭಾ ಕೇಳಿದಳು.

"ನಾನೇ. ಈ ಹುಡುಗರಿಗೆ ಎಂತ ಗೊತ್ತುಂಟು ಮಗಳೇ? ಬುಡಕ್ಕೇ ಸುರಿದು ಕೊಂದುಬಿಡ್ತಾರೆ."

"ಶೆಡ್ಡಿನ ಗಿಡಗಳಿಗೂ ಅಷ್ಟೇ ಜಾಗ್ರತೆಯಿಂದ ಹಾಕಿದ್ದೀರಿ."

ಕಾಯಿ ಎರಡು ಹೋಳಾಗಿ ಕಾಯಿನೀರು ನೆಲಕ್ಕೆ ಹರಿಯಿತು. ಗಣಪತಿ ತಲೆ ಎತ್ತಲಿಲ್ಲ. ಮರುಕ್ಷಣ ಕತ್ತಿ ಬೀಸಿದರು. ವಿಭಾಳ ಕುತ್ತಿಗೆಗೆ ಬಂದದ್ದನ್ನು ಪರಮಾರ ಮುಂಗೈ ಒಡ್ಡಿ ತಡೆದ. ಮಾಂಸ ತೆರೆದು ರಕ್ತ ದೋಸೆಕಲ್ಲಿನ ಮೇಲೆ ಚಿಮ್ಮಿ ಚುರ್ರೆಂದಿತು. ಎರಡನೆಯ ಬೀಸಿಗೆ ವಿಭಾ ಬಗ್ಗಿ, ಮೂಲೆಯಲ್ಲಿದ್ದ ಉದ್ದ ಸಟ್ಟುಗವನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಸುತ್ತಿದ ಮಣಿಕಟ್ಟಿನ ಮೇಲೆಯೇ ಹೊಡೆದಳು. ಗಣಪತಿ ಕೂಗು ಹಾಕಿ ರುಬ್ಬುವ ಯಂತ್ರದ ಮೇಲೆ ಕವುಚಿದರು. ಕೈ ತಿರುಚಿ ಕೋಳ ಹಾಕಿದಾಗ ಹೋಟೆಲಿನ ಹುಡುಗರು ಗೋಡೆಗೆ ಅಂಟಿ ನಿಂತಿದ್ದರು. ಹೊಟ್ಟೆಗೆ ಹಾಕಿದ ಧಣಿಯ ಕೈಯಲ್ಲಿ ಇಂಥದೊಂದನ್ನು ಅವರು ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿ ನೋಡಿದರೆ ಸುಟ್ಟ ಗಾಯವಿರಲಿಲ್ಲ. ಪೈಪಿನ ಅಗಲಕ್ಕೆ ಮೂಡಿದ ಕಪ್ಪು ಬಾಸುಂಡೆಯಿತ್ತು. ಸಂಜೆ ಐದಕ್ಕೆ ಆರೋಪಿ ತಾನೇ ಮುಂದೆ ನಡೆದು ಚರಂಡಿ ತೋರಿಸಿದ. ಉಪ್ಪಿನ ಮೂಟೆಯೊಳಗೆ ಸುತ್ತಿಟ್ಟ ಪೈಪು, ರಕ್ತ ಮೆತ್ತಿದ ಹೆಗಲವಸ್ತ್ರ ಪಂಚರ ಮುಂದೆ ಹೊರಬಂದವು. ಠಾಣೆಯಲ್ಲಿ ಆಡಿದ ಮಾತನ್ನು ನ್ಯಾಯಾಲಯ ಒಪ್ಪುವುದಿಲ್ಲ, ಆರೋಪಿಯೇ ತೋರಿಸಿಕೊಟ್ಟ ವಸ್ತುವನ್ನು ಒಪ್ಪುತ್ತದೆ. ವಿಭಾಗೆ ಅಷ್ಟು ಸಾಕಿತ್ತು. ಆದರೂ ಅವಳು ಕೂತು ಕೇಳಿದಳು.

ನಿತಿನನಿಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಸಾಯುವಾಗ ಮಗುವನ್ನು ಅಣ್ಣನ ಮಡಿಲಿಗೆ ಹಾಕಿದ್ದಳು. ಡಿಸೆಂಬರಿನಲ್ಲಿ ಶೆಡ್ಡಿನ ಚಾವಣಿ ನೋಡಲು ಹೋದ ಗಣಪತಿಯ ಕಣ್ಣಿಗೆ ಗಿಡ ಬಿದ್ದವು. ಪೊಲೀಸರಿಗೆ ಹೇಳಿದರೆ ಹುಡುಗನ ಬಾಳು ಜೈಲಿನಲ್ಲಿ ಕಳೆಯುತ್ತದೆ, ಬುದ್ಧಿ ಹೇಳಿದರೆ ಸುಳ್ಳು ಹೇಳಿ ಜಾಗ ಬದಲಿಸುತ್ತಾನೆ. ಗಿಡ ತಾನಾಗಿ ಸತ್ತರೆ ಕೈಗೂಡದ ಕೆಲಸವೆಂದು ಬಿಟ್ಟಾನು ಎಂದುಕೊಂಡರು. ಕೊಲ್ಲಲೆಂದೇ ಉಪ್ಪು ಹೊತ್ತರು. ಆದರೆ ಗಿಡದ ಮುಂದೆ ಕೂತಾಗ ಕೈಗೆ ಬಂದದ್ದು ಚಿಕ್ಕಂದಿನಲ್ಲಿ ಕಲಿತ ಒಂದೇ ರೀತಿ. ಗಿಡಗಳು ನಿಧಾನಕ್ಕೆ ಸುಟ್ಟವು. ಆ ನಿಧಾನವೇ ನಿತಿನನಿಗೆ ಕಾದು ಕೂರಲು ಹೊತ್ತು ಕೊಟ್ಟಿತು.

ಸೋಮವಾರ ಸಂಜೆ ಕತ್ತಲಲ್ಲಿ ಅಡಗಿದ್ದ ನಿತಿನ್, ಬಂದವರು ಯಾರೆಂದು ನೋಡದೆ ಪೈಪು ಬೀಸಿದ. ಮಾವನೆಂದು ಗೊತ್ತಾದ ಮೇಲೆ ನಕ್ಕ. ವಾರವಾರ ಮಾವನ ಹೋಟೆಲಿನಿಂದ ಸೂರತ್ತಿಗೆ, ಹಜೀರಾದ ಕಾರ್ಖಾನೆ ಕಾಲೊನಿಗಳಿಗೆ ಹೋಗುವ ಚಟ್ನಿಪುಡಿಯ ಡಬ್ಬಿಗಳ ತಳದಲ್ಲಿ ತನ್ನ ಮಾಲೇ ಹೋಗುವುದೆಂದು ಹೇಳಿದ. ಮಾವ, ನೀವೇ ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಕಳಿಸಿದ್ದೀರಿ, ನಿಮ್ಮ ಹೆಸರಿದ್ದರೆ ಯಾರೂ ಬಿಚ್ಚಿ ನೋಡುವುದಿಲ್ಲ ಎಂದ. ಅವನ ಕೈಯ ಪೈಪನ್ನು ಗಣಪತಿ ಕಿತ್ತುಕೊಂಡರು.

"ಮೊದಲ ಏಟಿಗೇ ಬಿದ್ದಿದ್ದ," ಎಂದಳು ವಿಭಾ. "ಬಿದ್ದ ಮೇಲೆ ಯಾಕೆ ಹೊಡೆದ್ರಿ?"

"ಇನ್ನೂ ನಗ್ತಿದ್ದಾನೆ ಅಂತ ಕಂಡಿತು. ಅದು ನಿಲ್ಲಲಿ ಅಂತ."

"ಆಕಾಶ ಎಂತ ಮಾಡಿದ್ದ ನಿಮಗೆ?"

"ಅವನೇ ಕೆಡಿಸಿದ್ದು ನನ್ನ ಹುಡುಗನನ್ನು ಅಂತ ನಂಬಿದ್ದೆ. ಗಲ್ಲಿಗೆ ಹೋಗ್ಲಿ ಅಂತ ಬಿಟ್ಟೆ. ಈಗಲೂ ಹಾಗೆ ನಂಬಿದ್ರೆ ನನಗೆ ಸುಲಭ."

ಶುಕ್ರವಾರ ನ್ಯಾಯಾಲಯದಲ್ಲಿ ಆಕಾಶನ ಮೇಲಿನ ಕೊಲೆಯ ಆರೋಪ ಬಿಟ್ಟುಹೋಯಿತು, ಗಾಂಜಾ ಪ್ರಕರಣ ಉಳಿಯಿತು. ನಿತಿನನ ಕಡೆಯಿಂದ ಕೊಳ್ಳಿಯಿಡಲು ಯಾರೂ ಉಳಿದಿರಲಿಲ್ಲ. ರಶ್ಮಿ ಕೇಳಿಕೊಂಡದ್ದಕ್ಕೆ ಆಕಾಶನನ್ನು ಪೊಲೀಸು ಕಾವಲಿನಲ್ಲಿ ಸ್ಮಶಾನಕ್ಕೆ ಕರೆದೊಯ್ಯಲು ಅನುಮತಿ ಸಿಕ್ಕಿತು. ಮುರಿದ ಪಕ್ಕೆ ಹಿಡಿದುಕೊಂಡು ಅವನು ಚಿತೆ ಸುತ್ತಿದ. ಅಕ್ಕ ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆಯೇ ನಡೆದಳು. ಬೆಂಕಿ ಹತ್ತಿದ ಮೇಲೂ ಬಿಡಲಿಲ್ಲ.

ವಿಭಾ ಠಾಣೆಗೆ ಮರಳಿದಾಗ ಗಣಪತಿ ಸರಳಿನ ಹಿಂದೆ ನಿಂತಿದ್ದರು. ಬೆಂಕಿ ಇಟ್ಟವರು ಯಾರೆಂದು ಕೇಳಿದರು. ಆಕಾಶ ಎಂದಳು. ಅವರು ಗೋಡೆಯ ಕಡೆ ತಿರುಗಿ ಕೂತರು.

ಕೇಸ್ ಡೈರಿಯಲ್ಲಿ ಕೊಲೆಗೆ ಕಾರಣ ಬರೆಯುವುದು ಬಾಕಿಯಿತ್ತು. ಆರೋಪಿಯು ಮೃತನನ್ನು ಜೈಲಿಗೆ ಹೋಗದಂತೆ ಉಳಿಸಬೇಕೆಂದಿದ್ದನು ಎಂದು ವಿಭಾ ಬರೆದಳು. ಓದಿ ನೋಡಿದಳು. ತಪ್ಪು ಕಾಣಲಿಲ್ಲ. ಕೆಳಗೆ ಸಹಿ ಹಾಕಿದಳು.