ಮಾಯವಾದ ಪಟ್ಟೆಗಳು

"ನಮ್ಮ ಪಟ್ಟೆಗಳನ್ನ ಯಾರೋ ಅಳಿಸಿಬಿಟ್ಟಿದ್ದಾರೆ," ಎಂದು ಪ್ರಾಧ್ಯಾಪಕಿ ಪತ್ತೇದಾರಿಕೆ ಮಾಡುವ ಅಕ್ಕನನ್ನು ಕರೆಸಿದರು.

ಅಕ್ಕ ಪತ್ತೇದಾರಿಕೆಗೆ ಹೊರಟಲ್ಲೆಲ್ಲ ತಮ್ಮನೂ ಜೊತೆಗಿರುತ್ತಿದ್ದ. ಅವನಿಗೆ ದಾರಿಯಲ್ಲೇ ವಿಷಯ ತಿಳಿಯಿತು. ಪಟ್ಟೆಗಳು ಮೂಡುತ್ತಿದ್ದ ಬೆಳಕಿನ ಪ್ರಯೋಗ ಕಟ್ಟಿದವಳು ಪ್ರಾಧ್ಯಾಪಕಿಯ ಮಗಳು; ಅರ್ಧದಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದಳು. ತಂದೆ, ತಾಯಿ ಮತ್ತು ಅವಳ ಸಹಪಾಠಿ ಅದನ್ನು ಮುಂದುವರಿಸಿದ್ದರು. ಕೊನೆಯ ಅಳತೆ ಬಾಕಿಯಿತ್ತು. ಪ್ರಯೋಗದ ಕೋಣೆಯ ಕೀಲಿ ಇದ್ದದ್ದು ಈ ಮೂವರ ಬಳಿ ಮಾತ್ರ. ತಾಯಿಗೆ ಸಹಪಾಠಿಯ ಮೇಲೆ ಗುಮಾನಿ.

ಕತ್ತಲೆ ಕೋಣೆಯಲ್ಲಿ ಲೇಸರ್ ಬೆಳಕು ಎರಡು ಸೀಳುಗಳನ್ನು ದಾಟಿ ಪರದೆ ಸೇರುತ್ತಿತ್ತು. ಬೆಳಕನ್ನು ಒಂದೊಂದೇ ಕಣವಾಗಿ ಬಿಟ್ಟರೂ ಪರದೆಯ ಮೇಲೆ ಅಲೆಗಳ ಪಟ್ಟೆಗಳೇ ಕೂಡಿಕೊಳ್ಳಬೇಕು. ಯಾವ ಸೀಳಿನಿಂದ ಬಂತೆಂಬ ಗುರುತು ಎಲ್ಲಾದರೂ ಉಳಿದರೆ ಪಟ್ಟೆ ಇಲ್ಲ. ಈಗ ಪಟ್ಟೆಗಳು ಇರಲಿಲ್ಲ, ಬೆಳಕು ಮಾತ್ರ ಒಂದಿಷ್ಟೂ ಕುಗ್ಗಿರಲಿಲ್ಲ. ಬೆಳಕಿನ ಕಂಪನದ ದಿಕ್ಕು ಪರೀಕ್ಷಿಸುವ ಹಾಳೆ ಕೇಳಿದ್ದೆ, ಹರಿದುಹೋಯಿತೆಂದು ಸರ್ ಹೇಳಿದರು ಎಂದ ಸಹಪಾಠಿ. ತಂದೆ ಹೌದೆಂದು ತಲೆಯಾಡಿಸಿದರು. ಅಕ್ಕ ಸೀಳುಗಳ ಮೇಲೆ ಭೂತಗನ್ನಡಿ ಹಿಡಿದು ನೋಡಿ, ಮೂವರ ಕೋಣೆಗಳನ್ನೂ ಸುತ್ತಿ ಬಂದಳು.

ಸಂಜೆ ಎಲ್ಲರನ್ನೂ ಕೂಡಿಸಿ, ಪರದೆಯ ಮುಂದೆ ಒಂದು ಹಾಳೆಯನ್ನು ಓರೆಯಾಗಿ ಹಿಡಿದಳು. ಪಟ್ಟೆಗಳು ಮೂಡಿದವು.

"ಒಂದು ಸೀಳಿಗೆ ಪಾರದರ್ಶಕ ಟೇಪು ಅಂಟಿಸಿದ್ದಾರೆ," ಎಂದಳು. "ಅದು ಬೆಳಕನ್ನ ತಡೆಯಲ್ಲ, ಕಂಪನದ ದಿಕ್ಕು ತಿರುಗಿಸುತ್ತೆ. ಅಲ್ಲಿಗೆ ದಾರಿಯ ಗುರುತು ಉಳೀತು. ಈ ಹಾಳೆ ಆ ಗುರುತನ್ನ ಅಳಿಸುತ್ತೆ. ಕೆಡಿಸಬೇಕು ಅಂದ್ಕೊಂಡವರು ಸೀಳನ್ನೇ ಗೀಚಿಬಿಡ್ತಿದ್ರು. ಇಲ್ಲಿ ಸೀಳಿರೋ ಗಾಜಿಗೆ ನೋವಾಗದ ಹಾಗೆ ಬಿಡಿಸೋಕೆ ಟೇಪಿನ ತುದಿ ಮಡಚಿದ್ದಾರೆ. ಇದು ಕೆಡಿಸೋ ಮನಸ್ಸಲ್ಲ, ತಡ ಮಾಡೋ ಮನಸ್ಸು. ಹಾಳೆಯಿಂದ ಗುಟ್ಟು ಬಯಲಾಗುತ್ತೆ ಅಂತ ಅದನ್ನ ಬಚ್ಚಿಟ್ಟವರೂ ಅವರೇ." ಅವಳು ತಂದೆಯತ್ತ ತಿರುಗಿದಳು. "ಹಾಳೆ ಹರಿದಿಲ್ಲ, ಸರ್. ನಿಮ್ಮ ಮೇಜಿನ ಖಾನೆಯಲ್ಲಿತ್ತು."

ತಂದೆ ಅಲ್ಲಗಳೆಯಲಿಲ್ಲ.

"ಇದು ಮುಗಿದ್ರೆ ಕೋಣೆ ಬೇರೆಯವರಿಗೆ ಹೋಗುತ್ತೆ. ಆಮೇಲೆ ಬೆಳಿಗ್ಗೆ ಎದ್ದು ಅವಳಿಗೋಸ್ಕರ ಮಾಡೋ ಕೆಲಸ ಅಂತ ಏನೂ ಇರಲ್ಲ," ಎಂದರು.

ತಾಯಿ ಸಹಪಾಠಿಯ ಕೈ ಹಿಡಿದು ಕ್ಷಮೆ ಕೇಳಿದರು. ಅವನು, ಬೇಕಾದರೆ ಅಳತೆ ಮುಂದೂಡೋಣ, ನನಗೇನೂ ಅವಸರವಿಲ್ಲ ಎಂದ. ತಾಯಿ ಗಂಡನ ಪಕ್ಕ ಕುಳಿತರು.

"ಬೇಡ ಕಣ್ರೀ. ಅವಳಿಗೆ ಬೇಕಾಗಿದ್ದದ್ದು ಈ ಪ್ರಯೋಗದ ಉತ್ತರ. ನಾವಾದ್ರೂ ತಿಳ್ಕೊಳ್ಳೋಣ."

ತಮ್ಮನಿಗೆ ಅವರಿಬ್ಬರ ಮುಖ ನೋಡಲಾಗಲಿಲ್ಲ. ತಂದೆ ಎದ್ದು, ಟೇಪು ಬಿಡಿಸಿ, ಅಳತೆ ಶುರುಮಾಡಲು ಸಹಪಾಠಿಗೆ ಸನ್ನೆ ಮಾಡಿದರು.